ಪಾಲೆ ಕಷಾಯದ ಆರೋಪಿ

"ನನ್ನನ್ನು ಒಳಗೆ ಹಾಕಿ ಸಾರ್. ಬಾಗಿಲು ತೆರೆದೇ ಉಂಟಲ್ಲ, ನಾನೇ ಹೋಗಿ ಕೂತುಕೊಳ್ತೇನೆ."

ಲಾಕಪ್ಪಿನ ಸರಳು ಹಿಡಿದು ನಿಂತಿದ್ದ ಎಪ್ಪತ್ತೆರಡರ ತುಕ್ರಣ್ಣ ಆ ಬೆಳಿಗ್ಗೆ ಹೀಗೆ ಹೇಳಿದ್ದು ಅದು ನಾಲ್ಕನೆಯ ಸಲವಂತೆ. ಎಸ್‌ಐ ಕಾಸಿಂ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡದ್ದೇ ಎದ್ದು ನಿಂತ.

"ಬನ್ನಿ ಮೇಡಂ. ನೀವಾದರೂ ಈ ಅಜ್ಜನಿಗೆ ಹೇಳಿ. ಕೇಸೇ ಇಲ್ಲ, ಅರೆಸ್ಟ್ ಮಾಡಿ ಅಂತ ಕೂತಿದ್ದಾರೆ ಮಾರಾಯ್ರೆ!"

ಕಾಸಿಂ ಇಲಾಖೆಗೆ ಹೊಸದಾಗಿ ಬಂದಾಗ ಅವನಿಗೆ ಮಹಜರು ಬರೆಯಲು ಕಲಿಸಿದವಳು ನಾನು, ಎಎಸ್‌ಐ ಶಶಿಪ್ರಭಾ. ಈಗ ನಿವೃತ್ತಳು. ಉರ್ವ ಮಾರ್ಕೆಟ್ಟಿನ ಬಳಿ ಹಿಟ್ಟಿನ ಗಿರಣಿಯೊಂದರ ಮಾಳಿಗೆಯಲ್ಲಿ ಖಾಸಗಿ ತನಿಖೆಯ ಬೋರ್ಡು ಹಾಕಿಕೊಂಡು ಕೂತಿದ್ದೇನೆ. ಸಿಟ್ಟು ಬೇಗ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ತುಕ್ರಣ್ಣನ ಹೆಂಡತಿ ಸುಂದರಿ ಬೆಳಿಗ್ಗೆ ಏಳಕ್ಕೇ ಆ ಮಾಳಿಗೆ ಹತ್ತಿ ಬಂದು ನನ್ನನ್ನು ಎಳೆದುಕೊಂಡು ಬಂದಿದ್ದಳು.

ವಿಷಯ ಅಷ್ಟು ಹೊತ್ತಿಗೆ ಊರಿನ ಎಲ್ಲ ಮೊಬೈಲುಗಳಲ್ಲಿ ಓಡಾಡಿಯಾಗಿತ್ತು. ಹಿಂದಿನ ದಿನ, ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ, ತುಕ್ರಣ್ಣ ಕೊಟ್ಟ ಪಾಲೆ ಕಷಾಯ ಕುಡಿದ ಅವನ ನೆರೆಮನೆಯವ, ವಾಮಂಜೂರಿನ ದೀಪೇಶ್ ಈಗ ಐಸಿಯುವಿನಲ್ಲಿದ್ದ.

ನಮ್ಮ ಕಡೆ ಆ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಕಬ್ಬಿಣ ತಾಗಿಸಬಾರದು. ಅರೆದು ರಸ ಹಿಂಡಿ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು, ಮೇಲಿಂದ ಮೆಂತೆ ಗಂಜಿ ಉಣ್ಣಬೇಕು. ವರ್ಷವಿಡೀ ರೋಗ ಬಾರದಂತೆ. ಆದರೆ ಪಾಲೆಯ ಪಕ್ಕದಲ್ಲೇ ಕಾಸರಕನ ಮರವೂ ಇರುತ್ತದೆ. ಕತ್ತಲಲ್ಲಿ ಕೈತಪ್ಪಿ ಅದರ ತೊಗಟೆ ತಂದರೆ ಅದು ಮದ್ದಲ್ಲ, ವಿಷ.

"ನಾನು ಮರ ತಪ್ಪಿದ್ದೇನೆ ಅಮ್ಮ," ಎಂದ ತುಕ್ರಣ್ಣ. "ಯಾವಾಗಲೂ ತರುವ ಮರವನ್ನು ಲೇಔಟಿನವರು ಕಡಿದರು. ಈ ಸಲ ಗುಡ್ಡೆಯ ಮೇಲಿನ ಹೊಸ ಮರ. ಮೊನ್ನೆ ಸಂಜೆ ಹೋಗಿ ಗುರುತಿಗೆ ನೂಲು ಕಟ್ಟಿ ಬಂದಿದ್ದೆ. ಬೆಳಿಗ್ಗೆ ಕತ್ತಲಲ್ಲಿ ಎಷ್ಟು ತಡಕಿದರೂ ನೂಲು ಕೈಗೆ ಸಿಗಲಿಲ್ಲ. ಕಣ್ಣಿಗೆ ಪೊರೆ ಬಂದಿದೆ. ಇದೇ ಮರ ಅಂತ ಅಂದಾಜಿನಲ್ಲಿ ಜಜ್ಜಿದೆ."

"ನಿಮಗೇನೂ ಆಗಲಿಲ್ಲವಲ್ಲ?"

"ನಾನು ಕುಡಿದಿದ್ದರಲ್ಲವಾ! ಇವಳಿಗೆ ಹೊಟ್ಟೆಹುಣ್ಣು. ರಸ ಬಂದದ್ದೇ ಒಂದು ಲೋಟ. ದೀಪು ನಾಲ್ಕು ವರ್ಷದ ಮೇಲೆ ಮಸ್ಕತ್‌ನಿಂದ ಬಂದಿದ್ದಾನೆ, ಅವನು ಕುಡಿಯಲಿ ಅಂತ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ."

ಸುಂದರಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನೆಯಿಂದ ಒಂದು ಗುಟುಕು ನೀರು ಇಳಿಸಲಿಲ್ಲ ಇವರು. ಬಿಕರ್ನಕಟ್ಟೆಯ ಬಾಲಯೇಸುವಿಗೆ ಮೇಣದಬತ್ತಿ ಹೇಳಿಕೊಂಡಿದ್ದೇನೆ. ದೈವಕ್ಕೂ ಹೇಳಿದ್ದೇನೆ. ಇನ್ನು ನೀವೇ ಅಮ್ಮ."

ದೈವ, ಬಾಲಯೇಸು, ಆಮೇಲೆ ನಾನು. ಸಾಲಿನಲ್ಲಿ ಮೂರನೆಯವಳಾದರೂ ನನಗೆ ಬೇಸರವಾಗಲಿಲ್ಲ.

"ಎಷ್ಟು ಗಂಟೆಗೆ ಕುಡಿದ?"

"ಆರು ಆಗಿರಬಹುದು."

"ಕುಡಿದ ಮೇಲೆ ಎಂತ ಆಯ್ತು?"

"ಎಂತದ್ದೂ ಆಗಲಿಲ್ಲ. ಗಂಜಿ ಉಂಡ. ಮಲಗಿದ."

"ಆಸ್ಪತ್ರೆಗೆ ಹೋದದ್ದು?"

"ಸಂಜೆ ಐದಕ್ಕೆ," ಎಂದಳು ಸುಂದರಿ. "ಮೈ ಬೆಂಕಿ. ವಾಂತಿ ಬೇರೆ."

ಸರ್ವಿಸಿನಲ್ಲಿ ಕಾಸರಕ ಕುಡಿದ ಒಂದು ಪ್ರಕರಣ ನೋಡಿದ್ದೆ. ಅರ್ಧ ಗಂಟೆಯೊಳಗೆ ಆ ಮನುಷ್ಯ ಹಲಗೆಯ ಹಾಗೆ ಸೆಟೆದುಕೊಂಡಿದ್ದ. ಗಂಜಿ ಉಂಡು ಮಲಗುವಷ್ಟು ಪುರುಸೊತ್ತನ್ನು ಆ ವಿಷ ಯಾರಿಗೂ ಕೊಡುವುದಿಲ್ಲ.

"ಲೋಟ ಕೊಡುವಾಗ ದೀಪೇಶ್ ಎಲ್ಲಿದ್ದ?"

"ಅವನ ಮನೆಯ ಜಗಲಿಯಲ್ಲಿ. ಎಡಗಾಲನ್ನು ಸ್ಟೂಲಿನ ಮೇಲೆ ನೀಡಿ ಕೂತಿದ್ದ. ಏಳಲಿಕ್ಕೆ ಹೋದ, ಆಗಲಿಲ್ಲ. ನಾನೇ ಹತ್ತಿರ ಹೋದೆ."

"ಏಳಲಿಕ್ಕೆ ಯಾಕೆ ಆಗಲಿಲ್ಲ?"

"ಕಾಲು ನೋವು ಅಂದ. ಮುಟ್ಟಿದೆ, ಸುಡ್ತಾ ಇತ್ತು. ಇದು ಕುಡಿ, ಎಲ್ಲ ಹೋಗ್ತದೆ ಅಂತ ನಾನೇ ಹೇಳಿದ್ದು."

ಕಾಸಿಂ ತಲೆಯ ಮೇಲಿಂದ ಕೈ ತೆಗೆದ. ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

"ತುಕ್ರಣ್ಣಾ, ಸರಿಯಾಗಿ ಹೇಳಿ. ಕಷಾಯ ಕುಡಿಯುವ ಮೊದಲೇ ಕಾಲು ಸುಡುತ್ತಿತ್ತಾ?"

"ಹೌದಮ್ಮ."

"ಇದನ್ನು ನಿನ್ನೆಯೇ ಯಾಕೆ ಹೇಳಲಿಲ್ಲ ಮಾರಾಯ್ರೆ?"

"ಕಾಲಿನ ವಿಷಯ ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಮರದ ವಿಷಯ."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆದರೆ ಅವನು ಸರಳು ಬಿಡಲಿಲ್ಲ. "ಕಾಲು ನೋವಿಗೆ ಯಾರಾದರೂ ಸಾಯ್ತಾರಾ ಅಮ್ಮ? ನನ್ನಿಂದಲೇ ಆದದ್ದು."

ಕಾಸಿಂ ನನ್ನನ್ನು ಬಾಗಿಲವರೆಗೆ ಕರೆದುಕೊಂಡು ಬಂದು ದನಿ ತಗ್ಗಿಸಿದ. "ಮೇಡಂ, ದೀಪೇಶ್ ಉಳಿದರೆ ಸರಿ. ಉಳಿಯದಿದ್ದರೆ ನಾನು ಎಫ್‌ಐಆರ್ ಬರೆಯಲೇಬೇಕಾಗ್ತದೆ. ಈ ಅಜ್ಜ ಸಾವಿರ ಜನರ ಎದುರು ಹೇಳಿಕೆ ಕೊಟ್ಟಾಗಿದೆ."

ಸ್ಕೂಟರಿನ ಕಿಕ್ಕರ್ ಮೂರು ಸಲ ಒದ್ದೆ. ನಾಲ್ಕನೆಯದಕ್ಕೆ ಅದು ಎದ್ದಿತು.

*

"ಕಷಾಯ, ಕಷಾಯ ಅಂತ ಹೇಳಿ ನಿನ್ನೆಯಿಂದ ನನ್ನ ತಲೆ ತಿಂದ್ರು," ಎಂದರು ಐಸಿಯುವಿನ ಡಾಕ್ಟರ್ ಬೆನಿಟಾ. "ಬಂದ ಕೂಡಲೇ ಹೊಟ್ಟೆ ತೊಳೆದೆವು. ಕಾಲನ್ನು ಸರಿಯಾಗಿ ನೋಡುವಾಗ ರಾತ್ರಿ ಗಂಟೆ ಎಂಟು. ಇದು ನೋಡಿ."

ಅವರು ಮೊಬೈಲಿನಲ್ಲಿ ಫೋಟೋ ತೋರಿಸಿದರು. ನನ್ನದು ಗಟ್ಟಿ ಗುಂಡಿಗೆ, ಆದರೂ ಒಮ್ಮೆ ಮುಖ ತಿರುಗಿಸಿದೆ. ಮೊಣಕಾಲಿನ ಕೆಳಗೆ ಇಡೀ ಕಾಲು ನೇರಳೆ ಬಣ್ಣಕ್ಕೆ ತಿರುಗಿತ್ತು. ಮೇಲೆಲ್ಲ ರಕ್ತ ತುಂಬಿದ ಗುಳ್ಳೆಗಳು. ಚರ್ಮದ ಮೇಲೆ ಪೆನ್ನಿನಿಂದ ಎಳೆದ ಒಂದು ಗೆರೆ.

"ಬೆಳಿಗ್ಗೆ ಬಾವು ಇದ್ದದ್ದು ಆ ಗೆರೆಯವರೆಗೆ. ಎರಡು ಗಂಟೆಯಲ್ಲಿ ನಾಲ್ಕು ಬೆರಳು ದಾಟಿದೆ."

"ಎಂತದು ಇದು?"

"ಸರ್ಜನ್ ಕನ್ನಡಿ ಹಾವು, ಅದೇ ಕೊಳಕುಮಂಡಲ, ಕಚ್ಚಿರಬಹುದು ಅಂತಾರೆ. ಹಾವಿನ ವಿಷ ಇದ್ದಾಗ ಕೊಯ್ದರೆ ರಕ್ತ ನಿಲ್ಲುವುದಿಲ್ಲ, ಅದಕ್ಕೆ ಹೆದರ್ತಾರೆ. ನನ್ನ ಸಂಶಯ ಬೇರೆ. ಉಪ್ಪುನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಉಂಟು, ವಿಬ್ರಿಯೊ ಅಂತ. ಕಾಲರಾದ ಜಾತಿಯದ್ದೇ. ಗಾಯದಲ್ಲಿ ಹೊಕ್ಕರೆ ಹೀಗೇ ತಿಂದುಕೊಂಡು ಹೋಗ್ತದೆ. ಬಹಳ ಅಪರೂಪ. ಹದಿನೈದು ವರ್ಷದಲ್ಲಿ ನಾನು ನೋಡಿದ್ದು ಎರಡೇ."

"ಮತ್ತೆಂತ ತಡ?"

"ಅವನಿಗೆ ಪ್ರಜ್ಞೆ ಇಲ್ಲ, ಉಸಿರಾಟಕ್ಕೆ ಬಾಯಿಗೆ ಪೈಪು ಹಾಕಿದ್ದೇವೆ. ಕಡಲಿಗೆ ಇಳಿಯಲೇ ಇಲ್ಲ ಅಂತ ಹೆಂಡತಿ ದೇವರ ಮೇಲೆ ಆಣೆ ಹಾಕ್ತಾರೆ. ಲ್ಯಾಬಿನ ರಿಪೋರ್ಟು ನಾಳೆ ಬರ್ತದೆ. ನಾಳೆವರೆಗೆ ಈ ಕಾಲು ಕಾಯುವುದಿಲ್ಲ ಮೇಡಂ. ಮನುಷ್ಯನೂ ಕಾಯುವುದಿಲ್ಲ."

ಹೊರಗೆ ಬೆಂಚಿನ ಮೇಲೆ ದೀಪೇಶ್‌ನ ಹೆಂಡತಿ ಮೋಕ್ಷಾ ಕೂತಿದ್ದಳು. ಮೂವತ್ತರ ಹೆಣ್ಣು, ಹೊಯಿಗೆಬಜಾರಿನ ಮೀನುಗಾರರ ಮನೆಯವಳು. ಪಕ್ಕದಲ್ಲಿ ನೀಲಿ ಬಟ್ಟೆಯ ಬ್ಯಾಗು.

"ಅವರು ಕಡಲಿಗೆ ಇಳಿಯುವುದಿಲ್ಲ ಅಕ್ಕ," ಎಂದಳು ನಾನು ಕೇಳುವ ಮೊದಲೇ. "ಊರಿಗೆ ಬಂದ ದಿನವೇ ನಾನು ದೀಪ ಮುಟ್ಟಿಸಿ ಆಣೆ ಹಾಕಿಸಿದ್ದೇನೆ."

"ಯಾಕೆ ಆಣೆ?"

"ನನ್ನ ಅಣ್ಣ ಮೋಕ್ಷಿತ್ ಎರಡು ವರ್ಷದ ಹಿಂದೆ ಬೋಟಿನಿಂದ ಬಿದ್ದು ಹೋದ. ಹನ್ನೊಂದು ದಿನ ಹುಡುಕಿದ್ರು. ಹೆಣ ಸಹ ಸಿಗಲಿಲ್ಲ. ಹಾಗೇ ಉತ್ತರಕ್ರಿಯೆಯ ಬೊಜ್ಜ ಮಾಡಿದೆವು, ಎಡೆ ಬಡಿಸಿದೆವು. ಆಮೇಲೆ ನನಗೆ ಉಪ್ಪುನೀರು ಅಂದರೆ ಆಗುವುದಿಲ್ಲ. ಇವರಿಗೆ ಅದು ಗೊತ್ತುಂಟು."

ಅಂತಹ ಹೆಣ್ಣಿನ ಎದುರು ಸಿಟ್ಟು ತೋರಿಸುವಷ್ಟು ನಾನು ಕೆಟ್ಟಿಲ್ಲ. ಮೆಲ್ಲಗೆ ಕೇಳಿದೆ. "ಕಳೆದ ವಾರ ದೀಪೇಶ್ ಎಲ್ಲಿಗಾದರೂ ಹೋಗಿದ್ದನಾ?"

"ಮುಂಬೈಗೆ. ಹೊಸ ಕಂಪೆನಿಯ ಇಂಟರ್‌ವ್ಯೂ ಅಂತ. ಗುರುವಾರ ಹೋಗಿ ಶನಿವಾರ ಸಂಜೆ ಬಂದ್ರು. ಸ್ಟೇಷನ್ನಿಗೆ ಬಿಟ್ಟದ್ದು, ಕರೆದುಕೊಂಡು ಬಂದದ್ದು ಎರಡೂ ಯತಿನಣ್ಣನೇ. ನನ್ನ ದೊಡ್ಡಮ್ಮನ ಮಗ."

"ಈ ಬ್ಯಾಗು?"

"ಅವರು ಕೊಂಡುಹೋದದ್ದೇ. ಆಸ್ಪತ್ರೆಗೆ ಅಂತ ಮೇಲಿಂದ ಎರಡು ಬಟ್ಟೆ ತುಂಬಿಸಿ ತಂದೆ."

ಬ್ಯಾಗನ್ನು ತಳದವರೆಗೆ ಖಾಲಿ ಮಾಡಿದೆವು. ಅಡಿಯಲ್ಲಿ ಬಿಗಿಯಾಗಿ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿತು. ಒಳಗೆ ಒಂದು ಚಡ್ಡಿ, ಇನ್ನೂ ಒದ್ದೆ. ಅದರ ಮಡಿಕೆಯಲ್ಲಿ ಚಿಪ್ಪಿನ ಒಂದು ಚೂರು ಸಿಕ್ಕಿಕೊಂಡಿತ್ತು. ಅದರ ಅಂಚು ಬ್ಲೇಡಿನ ಹಾಗೆ ಹರಿತವಾಗಿತ್ತು.

ಮೋಕ್ಷಾ ಚಡ್ಡಿಯನ್ನು ಮೂಗಿನ ಹತ್ತಿರ ಹಿಡಿದಳು. ಇಂತಹ ವಿಷಯದಲ್ಲಿ ಯಾವ ಲ್ಯಾಬೂ ಮೀನುಗಾರರ ಮಗಳ ಮೂಗಿಗೆ ಸಮನಲ್ಲ.

"ಇದು ಕಡಲಿನದ್ದಲ್ಲ," ಎಂದಳು. "ಅಳಿವೆಯ ಕೆಸರು. ನದಿಯೂ ಕಡಲೂ ಸೇರುವಲ್ಲಿ ಈ ವಾಸನೆ." ಆಮೇಲೆ ಅರ್ಥವಾಯಿತು ಅವಳಿಗೆ. "ಆಣೆ ಮುರಿದರಾ ಅಕ್ಕ ಇವರು?"

"ಮುರಿದದ್ದೇ ಈಗ ಅವನನ್ನು ಉಳಿಸಬಹುದು. ಜಗಳ ಆಮೇಲೆ ಮಾಡು."

ಬೆನಿಟಾ ಚಡ್ಡಿ ನೋಡಿದವರೇ ನರ್ಸನ್ನು ಕರೆದರು. "ಮದ್ದು ನಾನು ಈಗಲೇ ಸೇರಿಸ್ತೇನೆ. ಆದರೆ ಒದ್ದೆ ಚಡ್ಡಿ ನೋಡಿ ಸರ್ಜನ್ ಕತ್ತಿ ಎತ್ತುವುದಿಲ್ಲ. ಯಾವಾಗ, ಎಲ್ಲಿ, ಹೇಗೆ ಗಾಯ ಆಯ್ತು, ಹಾವು ಅಲ್ಲವೇ ಅಲ್ಲ ಅಂತ ನೋಡಿದವರು ಹೇಳಬೇಕು. ಒಂದು ಗಂಟೆಯೊಳಗೆ."

"ಆ ಫೋಟೋ ನನಗೆ ಕಳಿಸಿ," ಎಂದೆ.

*

ಬಂದರಿನ ಧಕ್ಕೆಯ ಕಟ್ಟೆಗುಂಟ ಬೋಟುಗಳು ಇನ್ನೂ ಕಟ್ಟಿದಲ್ಲೇ ಇದ್ದವು. ಕಡಲು ತಗ್ಗಿರಲಿಲ್ಲ. ಯತಿನ್ ಒಂದು ಬೋಟಿನ ನೆರಳಿನಲ್ಲಿ ಕಾಲು ಚಾಚಿ ಕೂತು ಬಲೆ ಹೆಣೆಯುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು.

"ಮುಂಬೈ ರೈಲಿಗೆ ಹತ್ತಿಸಿದ್ದು ನೀನಾ?"

"ಯಾರನ್ನು?"

"ದೀಪೇಶ್‌ನನ್ನು."

"ಹೌದು. ಎಂತ ಈಗ?"

ಚಿಪ್ಪಿನ ಚೂರನ್ನು ಅವನ ಬಲೆಯ ಮೇಲೆ ಹಾಕಿದೆ. "ಮುಂಬೈ ರೈಲಿನಲ್ಲಿ ಇದನ್ನು ಮಾರ್ತಾರಾ?"

ಅವನ ಕೈಯ ಸೂಜಿ ನಿಂತಿತು. "ನನಗೆ ಗೊತ್ತಿಲ್ಲ."

"ಚಡ್ಡಿಯ ವಾಸನೆ ನೋಡಿ ಮೋಕ್ಷಾ ಅಳಿವೆ ಅಂದಳು."

"ಮೋಕ್ಷಾಳಿಗೆ ಗೊತ್ತಾಯ್ತಾ?" ಎಂದು ಅವನು ಅರ್ಧ ಎದ್ದ. ಅಷ್ಟರಲ್ಲೇ ತಾನು ಸಿಕ್ಕಿಬಿದ್ದದ್ದು ಅವನಿಗೂ ತಿಳಿಯಿತು. ಮತ್ತೆ ಕುಸಿದು ಕೂತ. "ಮೇಡಂ, ನಾನು ಹೇಳುವ ಹಾಗಿಲ್ಲ. ದೀಪೇಶ್‌ಗೆ ಭಾಷೆ ಕೊಟ್ಟಿದ್ದೇನೆ."

ಆಗ ನನಗೆ ನಿಜಕ್ಕೂ ಸಿಟ್ಟು ಬಂತು. ಅಕ್ಕಪಕ್ಕದ ಬೋಟಿನವರೂ ತಿರುಗಿ ನೋಡುವ ಹಾಗೆ ಕಿರುಚಿದೆ.

"ಭಾಷೆಯಂತೆ ಭಾಷೆ! ಒಬ್ಬ ಮುದುಕ ತಾನು ಕೊಲೆಗಾರ ಅಂತ ಠಾಣೆಯಲ್ಲಿ ಸರಳು ಹಿಡಿದು ನಿಂತಿದ್ದಾನೆ. ಮೋಕ್ಷಾ ಐಸಿಯು ಬಾಗಿಲಲ್ಲಿ ಕೂತಿದ್ದಾಳೆ. ನೀನು ಇಲ್ಲಿ ಬಲೆ ಹೆಣೀತಿದ್ದೀಯ! ನೋಡು, ಕಣ್ಣು ಬಿಟ್ಟು ನೋಡು ಇದನ್ನು."

ಮೊಬೈಲನ್ನು ಅವನ ಮೂಗಿಗೇ ಹಿಡಿದೆ. ಫೋಟೋ ನೋಡಿದವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಇದು... ಕಷಾಯದಿಂದ ಆದದ್ದಲ್ವಾ? ಎಲ್ಲರೂ ಹಾಗೇ ಹೇಳಿದ್ದು. ನಾನು ಸಹ ಹಾಗೇ ತಿಳಿದೆ. ಅಳಿವೆಯ ಗಾಯ ನಮಗೆಲ್ಲ ದಿನಾ ಆಗ್ತದೆ ಮೇಡಂ, ಇಷ್ಟು ದೊಡ್ಡದು ಆಗ್ತದಾ?"

ಅದು ಸುಳ್ಳಲ್ಲ. ಹುಟ್ಟಿದಂದಿನಿಂದ ಉಪ್ಪುನೀರಿನಲ್ಲಿ ಕಾಲು ನೆನೆಸಿದವನಿಗೆ ಚಿಪ್ಪು ತರಚಿದ ಗಾಯ ಲೆಕ್ಕಕ್ಕೇ ಇಲ್ಲ. ಕಷಾಯದ ಸುದ್ದಿ ಬಂದಾಗ ಈ ಮನುಷ್ಯ ಒಳಗೊಳಗೇ ಉಸಿರು ಬಿಟ್ಟಿರಬೇಕು.

"ಬಾಯಿ ಬಿಡು. ಅವನಿಗೆ ಉಳಿದಿರುವುದು ಅರ್ಧ ಗಂಟೆ."

"ಕಾರವಾರದ ಆಚೆ ಮೇಡಂ. ನನ್ನ ಕಾರಿನಲ್ಲೇ ಹೋದದ್ದು. ಮಸ್ಕತ್ ಬಿಟ್ಟು ಇಲ್ಲೇ ಸಿಗಡಿ ಕೆರೆ ಮಾಡುವ ಅಂತ ಅವನಿಗೆ ಆಸೆ. ಜಾಗ ನೋಡಲಿಕ್ಕೆ ಹೋದೆವು. ಮೋಕ್ಷಾಳಿಗೆ ಗೊತ್ತಾದರೆ ಬಿಡುವುದಿಲ್ಲ, ಅದಕ್ಕೆ ಮುಂಬೈ ಅಂತ ಹೇಳಿದ್ದು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಣ್ಣ ದೋಣಿಯಲ್ಲಿ ಹೋಗುವಾಗ ನೀರಿಗೆ ಬಿದ್ದ. ಹಳೆ ಕಟ್ಟೆಯ ಕಂಬಕ್ಕೆಲ್ಲ ಚಿಪ್ಪು ಹಿಡಿದಿತ್ತು. ಎಡಗಾಲು ಉದ್ದಕ್ಕೆ ಸೀಳಿತು."

ನಾನು ಬೆನಿಟಾರಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ಯತಿನ್ ಎಲ್ಲವನ್ನೂ ಇನ್ನೊಮ್ಮೆ ಹೇಳಿದ.

"ಹಾವು ಅಲ್ಲವಷ್ಟೆ?" ಎಂದರು ಬೆನಿಟಾ.

"ಅಲ್ಲ ಡಾಕ್ಟ್ರೆ. ಗಾಯದಿಂದ ಚಿಪ್ಪಿನ ಚೂರು ಕಿತ್ತದ್ದೇ ನಾನು. ಅದೇ ನೀರಿನಲ್ಲಿ ತೊಳೆದು ಹೆಗಲಿನ ಬೈರಾಸು ಕಟ್ಟಿದೆ."

"ಅವನಿಗೆ ಮೊದಲು ಯಾವಾಗಲಾದರೂ ಜಾಂಡಿಸ್ ಬಂದಿತ್ತಾ?"

"ಮಸ್ಕತ್‌ನಲ್ಲಿ ಬಂದಿತ್ತು. ಲಿವರ್ ಸರಿ ಇಲ್ಲ ಅಂತ ಹೇಳ್ತಿದ್ದ."

"ಹಾಗಾದರೆ ಸಾಕು. ಸರ್ಜನ್ ನನ್ನ ಎದುರಿಗೇ ಇದ್ದಾರೆ, ಎಲ್ಲ ಕೇಳಿಸಿಕೊಂಡರು. ಥಿಯೇಟರಿಗೆ ಒಯ್ತೇವೆ."

ಫೋನು ಇಟ್ಟೆ. ಬೋಟಿನ ಅಂಚಿಗೆ ಆನಿಕೊಂಡು ನಿಂತೆ.

"ಬೇರೆ ಯಾರಾದರೂ ಇದ್ದರಾ ದೋಣಿಯಲ್ಲಿ?"

ಯತಿನ್ ಬಲೆಯ ಕಣ್ಣೊಂದನ್ನು ಹುಡುಕಿ ಸೂಜಿ ಹಾಕಿದ. "ಇಲ್ಲ."

ಆ ‘ಇಲ್ಲ’ ನನಗೆ ಹಿಡಿಸಲಿಲ್ಲ. ಮೂವತ್ತೆರಡು ವರ್ಷ ಜನರ ‘ಇಲ್ಲ’ಗಳನ್ನೇ ಕೇಳಿದವಳು ನಾನು. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ದೀಪೇಶ್‌ನ ಜೀವ ಮಾತ್ರ. ಹಾಗಾಗಿ ಬಿಟ್ಟುಬಿಟ್ಟೆ. ಬಿಡಬಾರದಿತ್ತು.

*

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬೆನಿಟಾ ಫೋನು ಮಾಡಿದರು. ದನಿಯಲ್ಲೇ ನಗು ಇತ್ತು.

"ಲ್ಯಾಬಿನ ರಿಪೋರ್ಟು ಬಂತು. ವಿಬ್ರಿಯೊವೇ. ಕಾಲು ಉಳೀತು ಮೇಡಂ. ಕೊಳೆತದ್ದನ್ನೆಲ್ಲ ತೆಗೆದಿದ್ದಾರೆ, ಆಮೇಲೆ ಚರ್ಮ ಕಸಿ ಮಾಡಬೇಕಾಗ್ತದೆ. ಇಳಿದಿದ್ದ ಬಿಪಿ ಮೇಲೆ ಬಂತು. ಜ್ವರ ಬೆಳಿಗ್ಗೆಯಿಂದ ಇಲ್ಲ."

"ಕಷಾಯದ್ದು ಎಂತದ್ದೂ ಇಲ್ಲವಲ್ಲ?"

"ಎಂತದ್ದೂ ಇಲ್ಲ. ನಾಳೆ ಪೇಪರಿನವರು ಕೇಳಿದರೆ ಇನ್ನೊಂದು ಸಹ ಹೇಳಿ. ಸಮುದ್ರಕ್ಕೆ ಇಳಿದವರಿಗೆಲ್ಲ ಹೀಗೆ ಆಗುವುದಿಲ್ಲ. ಲಿವರ್ ಕೆಟ್ಟಿರುವವರು ಗಾಯ ಇಟ್ಟುಕೊಂಡು ಉಪ್ಪುನೀರಿಗೆ ಇಳಿಯಬಾರದು. ಇಳಿದರೂ, ಬಾವು ಬಂದರೆ ನೀರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು. ಅಷ್ಟೇ."

ಎಷ್ಟೋ ದಿನಗಳ ಮೇಲೆ ನನಗೆ ಹಾಯೆನಿಸಿತು. ಕೆಳಗಿನ ಗಿರಣಿಯವನನ್ನು ಕರೆದು ಚಹಾ ತರಿಸಿದೆ. ಕಾಸಿಂ ಫೋನಿನಲ್ಲಿ ಅಲ್ಹಮ್ದುಲಿಲ್ಲಾ ಎಂದು ಮೂರು ಸಲ ಹೇಳಿದ. ಆಮೇಲೆ ದನಿ ಇಳಿಸಿದ. "ಆದರೆ ಅಜ್ಜ ನಂಬ್ತಾ ಇಲ್ಲ ಮೇಡಂ. ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಹೇಳ್ತಿದ್ದೀರಿ ಅಂತಾರೆ."

ನಾನು ತುಕ್ರಣ್ಣನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಾಮಂಜೂರಿನ ಗುಡ್ಡೆಗೆ ಹೋದೆ. ಸುಂದರಿ ಬಸ್ಸಿನಲ್ಲಿ ಬಂದಳು. ಮಳೆ ಬಿಟ್ಟಿತ್ತು, ಒಳ್ಳೆಯ ಬಿಸಿಲು. ಕೆಳಗೆ ಗದ್ದೆ, ಅದರಾಚೆ ಕಾಲೇಜಿನ ಹೊಸ ಹಾಸ್ಟೆಲು.

ಮರ ಹತ್ತಿರವಾದ ಹಾಗೆ ತುಕ್ರಣ್ಣ ಹಿಂದೆ ಬಿದ್ದ. ಎರಡು ಮರ ಅಕ್ಕಪಕ್ಕ ನಿಂತಿದ್ದವು. ತೊಗಟೆ ಕಿತ್ತ ಗಾಯ ಇದ್ದದ್ದು ಒಂದರಲ್ಲಿ ಮಾತ್ರ.

"ನೀವೇ ನೋಡಿ ಅಮ್ಮ. ನನಗೆ ಆಗುವುದಿಲ್ಲ."

"ಪಾಲೆಗೆ ಹಾಲು ಬರ್ತದೆ, ಕಾಸರಕನಿಗೆ ಬರುವುದಿಲ್ಲ. ಹೌದಾ?" ಎನ್ನುತ್ತ ನಾನು ಸ್ಕೂಟರಿನ ಕೀಲಿ ತೆಗೆದೆ.

"ಕಬ್ಬಿಣ ಬೇಡ!" ಎಂದು ಅವನು ಓಡಿ ಬಂದು ನನ್ನ ಕೈ ಹಿಡಿದ.

"ಅಮಾವಾಸ್ಯೆ ಮುಗಿದು ಎರಡು ದಿನ ಆಯ್ತಲ್ಲ ಮಾರಾಯ್ರೆ."

"ಮರಕ್ಕೆ ಅದು ಗೊತ್ತುಂಟಾ?"

ಅವನೇ ಒಂದು ಬಿಳಿಕಲ್ಲು ಹೆಕ್ಕಿ ಗಾಯದ ಪಕ್ಕದಲ್ಲಿ ಎರಡು ಪೆಟ್ಟು ಹಾಕಿದ. ಬಿಳಿ ಹಾಲು ಒಸರಿತು. ಮೂರನೆಯ ಪೆಟ್ಟಿಗೆ ಧಾರೆಯಾಗಿ ಇಳಿದು ಅವನ ಬೆರಳಿಗೆ ಅಂಟಿತು. ಅವನು ಆ ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದ, ನಾಲಿಗೆಗೆ ಮುಟ್ಟಿಸಿದ, ಮುಖ ಕಿವುಚಿದ.

"ಪಾಲೆ," ಎಂದ. "ಪಾಲೆಯೇ ಅಮ್ಮ."

ಸುಂದರಿ ಮರವನ್ನು ಒಂದು ಸುತ್ತು ಹಾಕಿ ಬಂದಳು. "ಇದು ಎಂತ? ನಿಮ್ಮ ನೂಲು ಇಲ್ಲೇ ಉಂಟಲ್ಲ! ಆಚೆ ಬದಿಯಲ್ಲಿ ಕೊಂಬೆಗೆ ಕಟ್ಟಿ, ಈಚೆ ಬದಿಯಲ್ಲಿ ತಡಕಿದರೆ ಸಿಗ್ತದಾ? ನಾಳೆಯೇ ಕಣ್ಣಿನ ಆಸ್ಪತ್ರೆಗೆ ಹೋಗುವುದು. ಇನ್ನು ಒಂದು ಮಾತು ಕೇಳುವವಳಲ್ಲ ನಾನು."

ತುಕ್ರಣ್ಣ ಮರದ ಬುಡದಲ್ಲಿ ಕೂತು ಜೋರಾಗಿ ಅತ್ತುಬಿಟ್ಟ. ಬೈಯುತ್ತಲೇ ಸುಂದರಿ ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದಳು, ಬಾಟಲಿಯ ನೀರು ಕುಡಿಸಿದಳು. ಎರಡು ದಿನಗಳಲ್ಲಿ ಅವನು ಕುಡಿದ ಮೊದಲ ನೀರು ಅದು. ನನ್ನ ಕಣ್ಣೂ ತುಂಬಿತು, ಅದರಲ್ಲಿ ಮುಚ್ಚಿಡುವುದೇನಿಲ್ಲ. ಗದ್ದೆಯ ಕಡೆ ಮುಖ ಮಾಡಿ ನಿಂತು ಒರೆಸಿಕೊಂಡೆ.

*

ಸಂಜೆ ನಾಲ್ಕಕ್ಕೆ ದೀಪೇಶ್‌ನ ಬಾಯಿಯ ಪೈಪು ತೆಗೆಯುತ್ತಾರೆಂದು ಮೋಕ್ಷಾ ಹೇಳಿ ಕಳಿಸಿದ್ದಳು. ನಾನು ಹೋದಾಗ ಅವಳು ತಲೆ ಬಾಚಿ, ಮುಖ ತೊಳೆದು ಐಸಿಯು ಬಾಗಿಲಲ್ಲಿ ನಿಂತಿದ್ದಳು. ಯತಿನ್ ಕೂಡ ಬಂದಿದ್ದ. ಗೋಡೆಗೆ ಒರಗಿ ದೂರ ನಿಂತಿದ್ದ.

"ಮೊದಲು ಎರಡು ಮಾತು ಬೈತೇನೆ ಅಕ್ಕ," ಎಂದಳು ಮೋಕ್ಷಾ. "ಆಣೆ ಮುರಿದದ್ದಕ್ಕೆ ಒಂದು, ಮುಂಬೈ ಅಂತ ಸುಳ್ಳು ಹೇಳಿದ್ದಕ್ಕೆ ಒಂದು. ಆಮೇಲೆ ಸಿಗಡಿ ಕೆರೆಯೋ ಎಂತದೋ, ಮಾಡಿಕೊಳ್ಳಲಿ. ಕಣ್ಣೆದುರು ಇದ್ದರೆ ಸಾಕು ನನಗೆ."

ಹೇಳುವಾಗ ನಗುತ್ತಿದ್ದಳು. ಎರಡು ದಿನಗಳಲ್ಲಿ ಆ ಮುಖದಲ್ಲಿ ನಗು ನೋಡಿದ್ದು ಅದೇ ಮೊದಲು.

ಬೆನಿಟಾ ನಮ್ಮಿಬ್ಬರನ್ನು ಒಳಗೆ ಬಿಟ್ಟರು. ದೀಪೇಶ್ ಬಿಳುಚಿ ಹೋಗಿದ್ದ, ಕಣ್ಣು ಮಾತ್ರ ಚೆನ್ನಾಗಿ ತೆರೆದಿತ್ತು. ಮೋಕ್ಷಾಳನ್ನು ಕಂಡದ್ದೇ ಅವಳ ಕೈಗೆ ಕೈ ಚಾಚಿದ. ಬೈಯಬೇಕೆಂದಿದ್ದ ಎರಡು ಮಾತೂ ಅವಳಿಗೆ ಮರೆತುಹೋದವು.

"ಕಾಲು ಉಳಿದಿದೆ," ಎಂದಳು ಅಳುತ್ತ. "ಹೆದರಬೇಡಿ. ಕಾಲು ಉಂಟು."

ಅವನು ತಲೆಯಾಡಿಸಿದ. ಕಾಲಿನ ವಿಷಯ ಅವನಿಗೆ ಬೇಕಾಗಿರಲಿಲ್ಲ. ಒಣಗಿದ ಗಂಟಲಿನಿಂದ ಮಾತು ತುಂಡುತುಂಡಾಗಿ ಬಂತು.

"ನಾನು ಬಿದ್ದದ್ದಲ್ಲ. ಹಾರಿದ್ದು. ಅವನನ್ನು ಎಳೆಯಲಿಕ್ಕೆ. ಅವನ ಕೈ ಸಹ ಸೀಳಿದೆ... ನನಗಿಂತ ಹೆಚ್ಚು. ಮದ್ದು ಕೊಟ್ಟರಾ ಅವನಿಗೆ?"

"ಯಾರಿಗೆ?"

"ಮೋಕ್ಷಿತ್‌ಗೆ."

ಮೋಕ್ಷಾ ನನ್ನನ್ನು ನೋಡಿದಳು, ಆಮೇಲೆ ಡಾಕ್ಟರನ್ನು. "ಜ್ವರ ತಲೆಗೆ ಏರಿದೆ ಇವರಿಗೆ. ಎಂತೆಂತದೋ ಮಾತಾಡ್ತಾರೆ."

"ಜ್ವರ ಇಲ್ಲ," ಎಂದರು ಬೆನಿಟಾ ಮೆಲ್ಲಗೆ. "ಇಸವಿ ಕೇಳಿದೆ, ಊರು ಕೇಳಿದೆ, ಎಲ್ಲ ಸರಿಯಾಗಿ ಹೇಳಿದ್ರು. ಆ ಇನ್ನೊಬ್ಬರು ಎಲ್ಲಿದ್ದಾರೆ? ಅದೇ ನೀರು, ಅದೇ ಚಿಪ್ಪು ಆದರೆ ಅವರನ್ನೂ ಕೂಡಲೇ ನೋಡಬೇಕು."

ಸಿಗಡಿ ಕೆರೆಯಂತೆ! ನಿನ್ನೆ ಧಕ್ಕೆಯಲ್ಲಿ ನಾನು ಕೇಳಿ ಬಿಟ್ಟುಬಂದ ಯತಿನ್‌ನ ಆ ‘ಇಲ್ಲ’ದ ಹಿಂದೆ ಇದ್ದ ಮುಖ ಈಗ ಕಾಣಿಸಿತು. ನಾನು ಬಾಗಿಲು ದೂಡಿ ಹೊರಗೆ ಬಂದೆ. ಮೋಕ್ಷಾ ನನ್ನನ್ನೂ ದಾಟಿ ಮುಂದೆ ಹೋದಳು.

ಯತಿನ್ ಓಡಿ ಹೋಗಿರಲಿಲ್ಲ. ಅದೇ ಗೋಡೆಗೆ ಒರಗಿ ನಿಂತಿದ್ದ. ಒಳಗಿನ ಮಾತು ಅವನಿಗೆ ಕೇಳಿಸಿತ್ತು.

"ಯತಿನಣ್ಣಾ," ಎಂದಳು ಮೋಕ್ಷಾ. ದನಿ ಏರಿಸಲಿಲ್ಲ. "ಅಣ್ಣ ನೀರಿಗೆ ಬಿದ್ದದ್ದು ಕಣ್ಣಾರೆ ಕಂಡೆ ಅಂತ ಪೊಲೀಸರಿಗೆ ಹೇಳಿದವನು ನೀನು. ಬೊಜ್ಜದ ದಿನ ಅವನಿಗೆ ಎಡೆ ಬಡಿಸಿದ್ದು ಸಹ ನಿನ್ನ ಕೈಯಿಂದಲೇ. ಅಲ್ವಾ?"

ಅವನು ಅವಳ ಮುಖ ನೋಡಲಿಲ್ಲ. ನನ್ನನ್ನು ನೋಡಿದ.

"ಅದೆಲ್ಲ ಆಮೇಲೆ ಕೇಳಿ ಮೇಡಂ, ನಾನು ಎಲ್ಲಿಗೂ ಹೋಗುವುದಿಲ್ಲ. ಮೊದಲು ಮೋಕ್ಷಿತ್‌ಗೆ ಮದ್ದು ಮುಟ್ಟಿಸಿ. ನಿನ್ನೆ ಮಧ್ಯಾಹ್ನದಿಂದ ಅವನು ಫೋನ್ ಎತ್ತುತ್ತಾ ಇಲ್ಲ."